ಅಜ್ಜಿಯ ಬೆತ್ತಲೆ ಮತ

"ಏನಂದ್ರಿ? ಇನ್ನೊಂದ್ಸಲ ಹೇಳಿ ನೋಡೋಣ!"

ಬರ್ನಡೆಟ್ ಸಾಬೋಲ್ ಗಾಜಿನ ಕಿಟಕಿಗೆ ಮೂಗು ತಾಗುವಷ್ಟು ಬಗ್ಗಿದ್ದಳು. ಆಚೆ ಕೂತಿದ್ದವನು ಕೌಂಟಿಯ, ಅಂದರೆ ಜಿಲ್ಲೆಯ, ಚುನಾವಣಾ ಕಚೇರಿಯ ಗುಮಾಸ್ತ. ಎದೆಯ ಮೇಲಿನ ಪಟ್ಟಿಯಲ್ಲಿ ವೆಂಡೆಲ್ ಯೋಸ್ಟ್ ಎಂದಿತ್ತು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ದಪ್ಪ ಕನ್ನಡಕ. ಕುರ್ಚಿ ಬಿಸಿ ಮಾಡಿ ಸಂಬಳ ತಗೊಳ್ಳುವ ಜಾತಿ ಎಂದು ಅವಳು ನೋಡಿದ ಕೂಡಲೇ ತೀರ್ಮಾನಿಸಿದ್ದಳು.

"ಬೆತ್ತಲೆ ಮತ ಅಂದೆ, ಮೇಡಂ," ಅವನು ಮೆಲ್ಲಗೆ ಹೇಳಿದ. "ಕಚೇರಿಯಲ್ಲಿ ಹಾಗೆ ಕರೀತೀವಿ. ಅಂಚೆ ಮತಕ್ಕೆ ಎರಡು ಲಕೋಟೆ ಕಳಿಸ್ತೀವಲ್ಲ... ಮತಪತ್ರ ಮೊದಲು ಹಳದಿ ಲಕೋಟೆ ಒಳಗೆ ಹೋಗ್ಬೇಕು. ಹಳದೀದು ದೊಡ್ಡ ಬಿಳಿ ಲಕೋಟೆ ಒಳಗೆ. ನಿಮ್ಮಜ್ಜಿ ಹಳದೀದು ಇಲ್ದೆ ಹಾಗೇ ಕಳಿಸಿದ್ದಾರೆ. ಕಾನೂನು ಪ್ರಕಾರ ಅದನ್ನ ಎಣಿಸೋ ಹಾಗಿಲ್ಲ."

"ನಮ್ಮಜ್ಜಿ ಕನಸಲ್ಲೂ ತಲೆಗೆ ಸ್ಕಾರ್ಫ್ ಕಟ್ಕೊಂಡಿರೋ ಹೆಂಗಸು ಕಣ್ರೀ! ವಯಸ್ಸಿಗೆ ಬಂದಾಗಿನಿಂದ ಒಂದು ಚುನಾವಣೆ ತಪ್ಪಿಸಿಲ್ಲ. ಅವಳ ಮತ ಬೆತ್ತಲೆನಾ? ಹೇಳೋಕೆ ನಾಚಿಕೆ ಆಗಲ್ವಾ?"

ಅವನ ಕಿವಿ ಕೆಂಪಗಾಯಿತು. "ಆಗುತ್ತೆ," ಎಂದ.

ಈ ಉತ್ತರಕ್ಕೆ ಅವಳು ತಯಾರಾಗಿರಲಿಲ್ಲ. ಕಿಟಕಿಯಿಂದ ಒಂದಿಂಚು ಹಿಂದೆ ಸರಿದಳು. ಆದರೆ ಒಂದೇ ಇಂಚು!

"ಮೊದಲೇ ಒಂದು ಫೋನ್ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಚುನಾವಣೆ ಮುಗಿದು, ಎಣಿಕೆ ಮುಗಿದು, ಎಲ್ಲಾ ಮಣ್ಣುಪಾಲಾದ ಮೇಲೆ ತಿಳಿಸ್ತೀರಾ?"

"ಫೋನ್ ಮಾಡೋಕೆ ಕೌಂಟಿ ಮಂಡಳಿಯ ಅಪ್ಪಣೆ ಇಲ್ಲ ಮೇಡಂ... ಒಂದು ಮಾತು ಕೇಳ್ಲಾ? ಬೇರೆ ಊರುಗಳಿಂದ ಇಂಥದ್ದು ಬರೋದು ಅಪರೂಪ. ನಿಮ್ಮ ಗುಡ್ಡದ ಮೇಲಿನ ಊರಿಂದ ಮಾತ್ರ ರಾಶಿ ಬಿದ್ದಿದೆ. ಏನೋ ಕಾರಣ ಇರ್ಬೇಕು..."

"ಕಾರಣ! ಗುಡ್ಡದವರು ದಡ್ಡರು ಅಂತ ನೇರವಾಗಿ ಹೇಳ್ರೀ!"

ಅವಳು ಬಾಗಿಲು ಬಡಿದು ಹೊರಬಂದಳು. ಮನಸ್ಸು ಮಾತ್ರ ಆ ಕೆಂಪು ಕಿವಿಯಲ್ಲೇ ಸಿಕ್ಕಿಕೊಂಡಿತ್ತು. ಥೂ! ಎಂಥ ಗಂಡಸು... ಬೈದರೆ ತಿರುಗಿ ಬೈಯಲೂ ಬಾರದವನು!

ಅವಳ ಸಿಟ್ಟಿಗೆ ಕಾರಣವಿತ್ತು. ಪೆನ್ಸಿಲ್ವೇನಿಯಾದ ಗುಡ್ಡವೊಂದರ ಮೇಲಿನ ಆ ಹಳೇ ಕಲ್ಲಿದ್ದಲು ಊರು ನೆಸ್ಕವಾನಿಯ ಮುಂದೆ ಆ ವಸಂತದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಊರಿನ ಆಂಬುಲೆನ್ಸ್ ಉಳಿಸಿಕೊಳ್ಳಲು ಚೂರು ತೆರಿಗೆ ಹೆಚ್ಚಿಸೋಣವೇ, ಬೇಡವೇ? ಕೂದಲೆಳೆಯಲ್ಲಿ ‘ಬೇಡ’ ಗೆದ್ದಿತು. ಆಂಬುಲೆನ್ಸ್ ಹೋಯಿತು. ಈಗ ಯಾರಿಗಾದರೂ ಎದೆ ಹಿಡಿದರೆ ಬೆಟ್ಟದಾಚೆಯ ಪಟ್ಟಣದಿಂದ ಗಾಡಿ ಬರಬೇಕು. ಅದು ಬರುವಷ್ಟರಲ್ಲಿ ಪಾದ್ರಿ ಬಂದು, ಪ್ರಾರ್ಥನೆ ಮುಗಿಸಿ, ಕಾಫಿ ಕುಡಿದು ಹೋಗಿರುತ್ತಾನೆ!

ಬರ್ನಡೆಟ್ಟಳ ಅಜ್ಜಿ ಸ್ಟೆಲ್ಲಾಳ ಹೃದಯ ಬಡಿಯುತ್ತಿದ್ದುದೇ ಒಂದು ಉಪಕಾರ ಎನ್ನುವಂತೆ. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಸಾಕಿದವಳು ಅವಳೇ. ಆಂಬುಲೆನ್ಸಿನ ಪ್ರಶ್ನೆ ನವೆಂಬರಿನಲ್ಲಿ ಇನ್ನೊಮ್ಮೆ ಮತಕ್ಕೆ ಬರುವುದಿತ್ತು. ಆಗಲೂ ಸೋತರೆ ಅಜ್ಜಿಯ ಮುಂದಿನ ಎದೆನೋವೇ ಕೊನೆಯದು. ಬರ್ನಡೆಟ್ಟಳಿಗೆ ಅದು ಗೊತ್ತಿತ್ತು.

ಮನೆಗೆ ಬಂದವಳು ಅಜ್ಜಿಗೆ ‘ಬೆತ್ತಲೆ’ ಎಂಬ ಮಾತನ್ನು ಹೇಳಲಿಲ್ಲ. ಹೇಳಿದರೆ ಆ ನಾಚಿಕೆಗೇ ಮುದುಕಿ ಸತ್ತಾಳು ಎಂದು ಹೆದರಿದಳು. "ಕಚೇರಿಯವರು ನಿನ್ನ ಮತಾನ ಕಸದ ಬುಟ್ಟಿಗೆ ಹಾಕಿದ್ರು ಅಜ್ಜಿ," ಎಂದಷ್ಟೇ ಹೇಳಿದಳು.

"ಅವರ ಕೈ ಸೇದಿ ಹೋಗ!" ಎಂದಳು ಅಜ್ಜಿ. ಅಲ್ಲಿಗೆ ಮುಗಿಯಿತು. ಮುಗಿಯಿತು ಅಂದುಕೊಂಡರು.

ಆ ಬೇಸಿಗೆಯೆಲ್ಲ ಬರ್ನಡೆಟ್ ಗುಡ್ಡದ ಬಾಗಿಲು ಬಡಿದಳು. ಹಗಲು ಮುದುಕರ ಮನೆಗಳಲ್ಲಿ ಆರೈಕೆಯ ಕೆಲಸ, ಸಂಜೆ ಮತದ ಕೆಲಸ. ಮೆಟ್ಟಿಲು ಇಳಿಯಲಾಗದವರಿಗೆ, ಪಾಳಿಯಲ್ಲಿ ದುಡಿಯುವವರಿಗೆ ಅಂಚೆ ಮತದ ಅರ್ಜಿ ಹಾಕಿಸುವುದು.

ಇನ್ನು ಊರಿನ ಜನರೋ, ದೇವರೇ ಗತಿ!

"ಯಾರು ಗೆದ್ರೆ ನಮ್ಗೇನಮ್ಮ?" ಎನ್ನುತ್ತಿದ್ದರು ಬೆಳಗಿನಿಂದ ಟಿವಿ ಮುಂದೆ ಬಿದ್ದುಕೊಂಡು ಸರಕಾರವನ್ನು ಬೈಯುವ ಮಹಾಶಯರು. ಬೈಯಲು ಪುರುಸೊತ್ತು ಉಂಟು, ಮತಪತ್ರದ ಮೇಲೆ ಒಂದು ಗೆರೆ ಎಳೆಯಲು ಇಲ್ಲ!

ಅವರಿಗಿಂತ ಮೇಲು, ದೊಡ್ಡ ನಗರದಿಂದ ವ್ಯಾನಿನಲ್ಲಿ ಬಂದಿಳಿಯುವ ಟೀ-ಶರ್ಟಿನವರು. ಎದೆ ಮೇಲೆ ಪ್ರಜಾಪ್ರಭುತ್ವ, ಕೈಯಲ್ಲಿ ಐಸ್ ಕಾಫಿ. ‘ನೆಸ್ಕವಾನಿ’ ಎನ್ನಲು ಬಾರದೆ ‘ನಾಸ್ಕೋವೇನಿ’ ಎನ್ನುತ್ತ, ಹಸಿದ ನಾಯಿ ಕಂಡರೆ ಗೇಟಿನಿಂದಲೇ ವಾಪಸ್ಸಾಗಿ, ಸಂಜೆ ಖಾಲಿ ಮನೆಗಳ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಊರು ಉದ್ಧಾರವಾಯಿತು!

ಬರ್ನಡೆಟ್ ಇವರೆಲ್ಲರನ್ನೂ ಸಮಾನವಾಗಿ ತಾತ್ಸಾರ ಮಾಡಿದಳು. ಎಲ್ಲರಿಗಿಂತ ಹೆಚ್ಚಿನ ತಾತ್ಸಾರವನ್ನು ಮಾತ್ರ ಒಬ್ಬನಿಗಾಗಿ ಎತ್ತಿಟ್ಟಿದ್ದಳು.

ಮತ್ತು ಆ ಒಬ್ಬ ಒಂದು ಶುಕ್ರವಾರ ಚರ್ಚಿನ ನೆಲಮಾಳಿಗೆಗೇ ಬಂದುಬಿಟ್ಟ!

ಶುಕ್ರವಾರವೆಂದರೆ ಅಲ್ಲಿ ಪಿರೋಗಿಯ ದಿನ. ಗುಡ್ಡದ ಅಜ್ಜಿಯಂದಿರು ಉದ್ದದ ಮೇಜಿಗೆ ಸಾಲಾಗಿ ಕೂತು, ಹಿಟ್ಟಿನ ಹಾಳೆಯಲ್ಲಿ ಆಲೂಗೆಡ್ಡೆ-ಚೀಸ್ ತುಂಬಿ, ಕರ್ಜಿಕಾಯಿಯ ಹಾಗೆ ಅಂಚು ಒತ್ತುತ್ತಾರೆ. ಬೆಂದದ್ದಕ್ಕೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಸುರಿದು ಮಾರುತ್ತಾರೆ. ಕೈಗಿಂತ ಬಾಯಿ ಜೋರು. ಆವತ್ತಿನ ಬೈಗುಳ ಬಿಷಪ್ಪರಿಗೆ ಮೀಸಲಾಗಿತ್ತು. ಕಾಣಿಕೆ ಹಾಕುವ ಚರ್ಚ್ ಲಕೋಟೆಗಳನ್ನು ಮನೆಗೆ ಕಳಿಸುವುದನ್ನು ಅವರು ಹೊಸ ವರ್ಷದಿಂದಲೇ ನಿಲ್ಲಿಸಿ, ಎಲ್ಲರೂ ಫೋನಿನಲ್ಲೇ ಕಾಣಿಕೆ ಕಟ್ಟಿ ಎಂದಿದ್ದರು.

"ದೇವರ ಬುಟ್ಟಿಗೆ ಬರೀ ನೋಟು ಎಸೆಯೋಕೆ ನಾವೇನು ಹೆಂಡದಂಗಡೀಲಿ ಕೂತಿದ್ದೀವಾ?" ಎಂದು ಸ್ಟೆಲ್ಲಾ ಅಜ್ಜಿ ಗುಡುಗುತ್ತಿದ್ದಳು.

ಬಾಗಿಲಲ್ಲಿ ವೆಂಡೆಲ್ ನಿಂತಿದ್ದ. ಒಂದು ತಟ್ಟೆ ಪಿರೋಗಿ ತೆಗೆದುಕೊಂಡ. ಮೂಲೆಯಲ್ಲಿ ಕೂತ. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು... ಪಿರೋಗಿಯ ಮೇಲೆ ಟೊಮೆಟೊ ಕೆಚಪ್ ಹಿಂಡಿದ!

ಒಬ್ಬ ಮುದುಕಿ ಶಿಲುಬೆ ಗುರುತು ಮಾಡಿಕೊಂಡಳು.

"ನಾಯೀನೂ ಮೂಸಲ್ಲ ಅದನ್ನ," ಎಂದಳು ಬರ್ನಡೆಟ್ ಅವನ ಮುಂದೆ ಸೊಂಟಕ್ಕೆ ಕೈಯಿಟ್ಟು. "ಯಾಕೆ ಬಂದ್ರಿ? ಯಾರ್ಯಾರು ಯಾರಿಗೆ ಮತ ಹಾಕ್ತಾರೆ ಅಂತ ಬೇಹುಗಾರಿಕೆನಾ?"

"ಇಲ್ಲ. ರಜೆ ಹಾಕಿ ಬಂದೆ." ಅವನು ಬಾಯಿ ಒರೆಸಿಕೊಂಡು ಎದ್ದ. "ಎರಡು ಲಕೋಟೆ ತಂದಿದ್ದೀನಿ. ಅಜ್ಜಿಯಂದಿರಿಗೆ ಒಂದ್ಸಲ ತೋರಿಸಿಬಿಡ್ತೀನಿ. ಯಾವುದು ಯಾವುದರೊಳಗೆ ಹೋಗುತ್ತೆ ಅಂತ. ಐದೇ ನಿಮಿಷ..."

"ಕಾಗದ ಮಡಚೋದು ಕಲಿಸ್ತೀರಾ? ಇವರಿಗೆ? ನೀವು ಹುಟ್ಟೋಕೆ ಮುಂಚೆ ಇವರು ಲಕ್ಷ ಪಿರೋಗಿ ಮಡಚಿದ್ದಾರೆ! ಮೊದಲು ನಿಮ್ಮ ಕಚೇರೀಲಿ ಲಕೋಟೆ ಎಲ್ಲಿ ಮಾಯ ಆಗುತ್ತೆ ನೋಡ್ಕೊಳ್ಳಿ. ನಡೀರಿ, ನಡೀರಿ!"

ಅವಳ ಕೈಯಲ್ಲಿ ಸೌಟಿತ್ತು. ಅವನು ಹೋದ.

ಆದರೆ ಮುಂದಿನ ಶುಕ್ರವಾರ ಮತ್ತೆ ಬಂದ. ಅದರ ಮುಂದಿನ ಶುಕ್ರವಾರವೂ. ಲಕೋಟೆಯ ಮಾತೆತ್ತಲಿಲ್ಲ. ಸುಮ್ಮನೆ ತಿಂದ, ಒಡೆದ ಕುರ್ಚಿಯೊಂದಕ್ಕೆ ಮೊಳೆ ಹೊಡೆದ, ಹೋದ.

"ಹುಡುಗ ಈರುಳ್ಳಿಗೋಸ್ಕರ ಬರ್ತಿಲ್ಲ ಕಣೇ ಬರ್ನಿ," ಎಂದಳು ಡೊಲೋರೆಸ್ ಆಂಟಿ ಕಣ್ಣು ಮಿಟುಕಿಸಿ. ಅವಳು ಸಂಜೆ ಹೊತ್ತು ಕೌಂಟಿ ಕಚೇರಿಗಳ ನೆಲ ಒರೆಸುವವಳು, ಅಜ್ಜಿಯ ಬಾಲ್ಯದ ಗೆಳತಿ.

"ಕೆಚಪ್ ತಿನ್ನೋ ಮೂತಿಗೆ ನಾನೇ ಬೇಕಿತ್ತಾ?" ಎಂದು ಬರ್ನಡೆಟ್ ಮೂಗು ಮುರಿದಳು. ಆದರೆ ಶುಕ್ರವಾರ ಬೆಳಗ್ಗೆ ಅವಳು ಕೂದಲು ಬಾಚುವುದು ಸ್ವಲ್ಪ ಹೆಚ್ಚು ಹೊತ್ತಾಗುತ್ತಿತ್ತು. ಯಾಕೋ ಏನೋ!

ಆಗಸ್ಟಿನ ಒಂದು ಶುಕ್ರವಾರ ಅಜ್ಜಿ ಪಿರೋಗಿ ಒತ್ತುತ್ತಿದ್ದವಳು ಹಾಗೇ ಮೇಜಿಗೆ ಒರಗಿದಳು.

"ಅಜ್ಜೀ!"

ತುಟಿ ನೀಲಿಗಟ್ಟಿತ್ತು. ಡೊಲೋರೆಸ್ ಫೋನ್ ಮಾಡಿದಳು. ಆಂಬುಲೆನ್ಸ್ ಹೊರಟಿದೆ ಎಂದರು. ಬೆಟ್ಟದಾಚೆಯಿಂದ. ಹೊರಟಿದೆ... ಹೊರಟಿದೆ... ಪ್ರತಿ ಬಾರಿ ಕೇಳಿದರೂ ಅದೇ ಉತ್ತರ.

ವೆಂಡೆಲ್ ತಟ್ಟೆ ಬಿಟ್ಟು ಎದ್ದ. ಮುದುಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಬರ್ನಡೆಟ್ ಅವನ ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೆಟ್ಟದ ತಿರುವುಗಳಲ್ಲಿ ಅವನು ಗಾಡಿಯನ್ನು ಓಡಿಸಿದ ರೀತಿಗೆ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ವೈದ್ಯರು ಬಂದು "ಸದ್ಯಕ್ಕೆ ಬದುಕಿದರು" ಎಂದರು. ಅವಳು ಅವನ ತೋಳು ಹಿಡಿದುಕೊಂಡಳು. ಬಿಡಲು ಮರೆತಳು.

"ಥ್ಯಾಂಕ್ಸ್..." ಎಂದಳು ಅಳುತ್ತ. "ನಾನು ನಿಮ್ಮನ್ನ ತುಂಬಾ ಬೈದಿದ್ದೀನಿ."

"ಪರವಾಗಿಲ್ಲ. ನನಗೆ ಅಭ್ಯಾಸ ಆಗಿದೆ. ಶನಿವಾರದಿಂದ ಗುರುವಾರದವರೆಗೆ ಯಾರೂ ಬೈಯಲ್ಲ... ಬೇಜಾರಾಗುತ್ತೆ."

ಅವಳು ಅಳುತ್ತಲೇ ನಕ್ಕಳು. ಅಯ್ಯೋ ದೇವರೇ, ಇವನ ಕಣ್ಣು ಇಷ್ಟು ಚೆನ್ನಾಗಿತ್ತಾ? ಇಷ್ಟು ದಿನ ಕನ್ನಡಕವನ್ನು ಮಾತ್ರ ನೋಡಿದ್ದೆನಲ್ಲಾ!

ಎಲ್ಲವೂ ಅಲ್ಲೇ ಸುಖವಾಗಿ ಮುಗಿಯಬಹುದಿತ್ತು. ಆದರೆ ಅವಳ ನಾಲಿಗೆ ಮುಗಿಯಲು ಬಿಡಬೇಕಲ್ಲ!

ಸೆಪ್ಟೆಂಬರಿನಲ್ಲಿ ಕೌಂಟಿ ಮಂಡಳಿಯ ಸಭೆ. ಬರ್ನಡೆಟ್ ಗುಡ್ಡದವರನ್ನೆಲ್ಲ ಕಟ್ಟಿಕೊಂಡು ಹೋದಳು. ಬೇಡಿಕೆ ಎರಡೇ. ಮತ ಹಾಕಲು ಗುಡ್ಡದಲ್ಲೊಂದು ಪೆಟ್ಟಿಗೆ ಇಡಿ. ಲಕೋಟೆಯಲ್ಲಿ ತಪ್ಪಾದವರಿಗೆ ಚುನಾವಣೆಗೆ ಮೊದಲೇ ಫೋನ್ ಮಾಡಿ.

ಮಂಡಳಿಯ ಅಧ್ಯಕ್ಷ ಗಾಲ್ಫ್ ಆಡಿ ಮುಖ ಕೆಂಪು ಮಾಡಿಕೊಂಡಿದ್ದ ಮನುಷ್ಯ. ಆಕಳಿಕೆಯನ್ನು ನುಂಗಿ ಹೇಳಿದ: "ನೋಡಮ್ಮಾ, ನಮ್ಮ ಯೋಸ್ಟ್ ಅವರೇ ವರದಿ ಕೊಟ್ಟಿದ್ದಾರೆ. ತಪ್ಪು ನಿಮ್ಮ ಗುಡ್ಡದ ಮತದಾರರದ್ದೇ ಅಂತ. ಅದಕ್ಕೆ ನಾವೇನು ಮಾಡೋಣ?"

ಬರ್ನಡೆಟ್ ತಿರುಗಿ ವೆಂಡೆಲ್ಲನನ್ನು ಹುಡುಕಿದಳು. ಅಜ್ಜಿಯನ್ನು ಎತ್ತಿಕೊಂಡು ಓಡಿದವನು... ಅದೇ ಕೈಯಲ್ಲಿ ಅವಳನ್ನು ದಡ್ಡಿ ಎಂದು ಬರೆದುಕೊಟ್ಟನೇ?

ಹಿಂದಿನ ಸಾಲಿನಿಂದ ವೆಂಡೆಲ್ ಎದ್ದ. "ಸರ್, ನಾನು ಅಷ್ಟೇ ಬರೆದಿಲ್ಲ, ಮುಂದೆ..."

"ಕೂತ್ಕೊಳ್ರೀ!" ಬರ್ನಡೆಟ್ ಕಿರುಚಿದಳು. "ಪಿರೋಗಿ ತಿನ್ನೋಕೆ ಬರೋ ನೆಪದಲ್ಲಿ ನಮ್ಮ ಮನೆಯವರ ತಪ್ಪು ಹುಡುಕ್ತಿದ್ರಾ? ಲಕೋಟೆ ಕಳೆದದ್ದು ನಿಮ್ಮ ಕಚೇರೀಲಿ! ಬಿಸಾಕಿದ್ದು ನೀವು! ಈ ಮನುಷ್ಯ ಮತಗಳ್ಳ!"

ಸಭೆಯಲ್ಲಿ ಚಪ್ಪಾಳೆ ಬಿತ್ತು. ಅಧ್ಯಕ್ಷ ಸುತ್ತಿಗೆ ಬಡಿದ. ವೆಂಡೆಲ್ ಅವಳನ್ನು ಒಮ್ಮೆ ನೋಡಿ ಕೂತ.

ಮರುವಾರ ಅವನನ್ನು ಚುನಾವಣಾ ಕಚೇರಿಯಿಂದ ಎತ್ತಿ ಅದೇ ಕಟ್ಟಡದ ನಾಯಿ ಲೈಸೆನ್ಸ್ ಕೊಡುವ ಕಿಟಕಿಗೆ ಹಾಕಿದರು. ಸಾರ್ವಜನಿಕರ ದೂರಿನ ಮೇರೆಗೆ ಎಂದು ಊರಿನ ಪತ್ರಿಕೆ ಬರೆಯಿತು.

"ತಕ್ಕ ಜಾಗ!" ಎಂದಳು ಬರ್ನಡೆಟ್.

ಶುಕ್ರವಾರ ಬಂತು. ಮೂಲೆಯ ಕುರ್ಚಿ ಖಾಲಿ. ಅವಳು ಆ ಕಡೆ ನೋಡಲಿಲ್ಲ. ನೋಡಲಿಲ್ಲ ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ!

ಅಕ್ಟೋಬರಿನಲ್ಲಿ ಮತಪತ್ರಗಳು ಬಂದವು. ಚುನಾವಣೆಗೆ ಇನ್ನೂ ಹತ್ತು ದಿನವಿರುವಾಗಲೇ ಅಜ್ಜಿಯಂದಿರೆಲ್ಲ ಗುರುತು ಹಾಕಿ, ಬಿಳಿ ಲಕೋಟೆ ಅಂಟಿಸಿ, ಸಹಿ ಹಾಕಿ, ತಾರೀಖು ಬರೆದು, ಒಬ್ಬರ ಕೈ ಒಬ್ಬರು ಹಿಡಿದು ಅಂಚೆ ಡಬ್ಬಕ್ಕೆ ಹಾಕಿ ಬಂದರು. ಮದುವೆ ದಿಬ್ಬಣದಷ್ಟೇ ಗದ್ದಲ.

"ಎಲ್ಲಾ ಸರಿಯಾಗಿ ಹಾಕಿದ್ರಾ?" ಎಂದು ಬರ್ನಡೆಟ್ ಕೇಳಿದಳು.

"ನಮಗೆ ಹೇಳಿಕೊಡ್ತೀಯೇನೇ?" ಎಂದರು ಅಜ್ಜಿಯಂದಿರು. ಅವಳು ಹೆಮ್ಮೆಯಿಂದ ನಕ್ಕಳು.

ಚುನಾವಣೆಯ ಹಿಂದಿನ ಭಾನುವಾರ ಕಾಣಿಕೆ ಬುಟ್ಟಿ ಹಿಡಿಯುವ ಮುದುಕನ ಕಾಲು ಉಳುಕಿತು. ಭಾನುವಾರ ಎಂದೂ ಚರ್ಚಿಗೆ ಬಾರದೆ ನಿದ್ದೆ ಹೊಡೆಯುವ ಬರ್ನಡೆಟ್ಟಳನ್ನು ಡೊಲೋರೆಸ್ ಹಾಸಿಗೆಯಿಂದ ಎಳೆದು ತಂದು ಬುಟ್ಟಿ ಕೈಗೆ ಕೊಟ್ಟಳು.

ಸಾಲಿನಿಂದ ಸಾಲಿಗೆ ಬುಟ್ಟಿ ಹೋಯಿತು. ಅಜ್ಜಿ ಆಕ್ಸಿಜನ್ ನಳಿಕೆಯನ್ನೂ ಸ್ಕಾರ್ಫನ್ನೂ ಸರಿಮಾಡಿಕೊಂಡು ಚೀಲದಿಂದ ಕಾಣಿಕೆ ತೆಗೆದು ಭಕ್ತಿಯಿಂದ ಹಾಕಿದಳು.

ಹಳದಿ ಲಕೋಟೆ!

ಬರ್ನಡೆಟ್ ಬುಟ್ಟಿಯೊಳಗೆ ಬಗ್ಗಿ ನೋಡಿದಳು. ಒಂದಲ್ಲ... ಹಳದಿ, ಹಳದಿ, ಹಳದಿ! ಪ್ರತಿಯೊಂದರ ಮೇಲೂ ‘ಅಧಿಕೃತ ಮತಪತ್ರ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಅಜ್ಜಿಯ ಸೊಟ್ಟ ಬರಹ: ನನ್ನ ಗಂಡ ಆಂಡ್ರೂವಿನ ಆತ್ಮಶಾಂತಿಗೆ.

"ಅಜ್ಜಿ!" ಪ್ರಾರ್ಥನೆ ನಡೆಯುತ್ತಿದೆ ಎನ್ನುವುದೂ ಮರೆತು ಹೋಯಿತು. "ಇದು ಎಲ್ಲಿಂದ ಬಂತು?"

"ಶ್! ಸರ್ಕಾರದವರು ಮತದ ಜೊತೆ ಒಂದು ಹೆಚ್ಚಿಗೆ ಕಳಿಸಿದ್ರಲ್ಲೇ. ಬಿಷಪ್ಪರಿಗಿಂತ ಸರ್ಕಾರವೇ ವಾಸಿ. ವಸಂತದಲ್ಲೂ ಕಳಿಸಿದ್ರು."

"ಅದು ಮತ ಹಾಕೋಕೆ ಅಜ್ಜಿ! ಮತ ಇದರೊಳಗೆ ಹೋಗ್ಬೇಕಿತ್ತು!"

"ಲಕೋಟೆಗೆ ಲಕೋಟೆ ತೊಡಿಸೋ ಮುಠ್ಠಾಳ ಎಲ್ಲಾದ್ರೂ ಉಂಟಾ? ನೀನೇ ಹೇಳಿದ್ಯಲ್ಲ, ಕಚೇರಿಯವರೇ ಕಸಕ್ಕೆ ಹಾಕಿದ್ರು ಅಂತ. ಲಕೋಟೆ ಸುದ್ದಿ ಯಾರೂ ಎತ್ತಲಿಲ್ಲ."

"ಇದಿಲ್ದೆ ಹೋದ್ರೆ ಬೆತ್ತಲೆ ಮತ ಅಂತಾರೆ ಅಜ್ಜಿ... ಎಣಿಸಲ್ಲ."

ಅಜ್ಜಿಯ ಕೈ ಬಾಯಿಗೆ ಹೋಯಿತು. "ಅಯ್ಯೋ ಮಾತೆ ಮರಿಯಾ! ಎಲ್ಲರೆದುರಿಗಾ?"

ದೇವರ ಕಾಣಿಕೆ ಮೈತುಂಬ ಉಡುಗೆ ಉಟ್ಟು ಬುಟ್ಟಿಗೆ ಬಂದಿತ್ತು. ಊರಿನ ಮತ ಮೈಮೇಲೆ ನೂಲಿಲ್ಲದೆ ಕಚೇರಿಗೆ ಹೋಗಿತ್ತು. ಇಡೀ ಗುಡ್ಡದ್ದು!

ಬರ್ನಡೆಟ್ ಬುಟ್ಟಿಯನ್ನು ಅಪ್ಪಿಕೊಂಡು ಮೆಟ್ಟಿಲ ಮೇಲೆ ಕುಸಿದಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣಕ್ಕೆ ನಕ್ಕವಳು ಅವಳು! ಐದೇ ನಿಮಿಷ ಎಂದು ಕೇಳಿದ್ದ ಅವನು. ಸೌಟು ತೋರಿಸಿ ಓಡಿಸಿದ್ದೆ. ಕಳ್ಳ ಅಂದೆ. ಎಲ್ಲರೆದುರಿಗೆ ಅಂದೆ...

ಡೊಲೋರೆಸ್ ಪಕ್ಕದಲ್ಲಿ ಬಂದು ಕೂತಳು. ಆವತ್ತು ಅವಳ ಕಣ್ಣಲ್ಲಿ ತುಂಟತನವಿರಲಿಲ್ಲ.

"ಇನ್ನೂ ಒಂದು ಕೇಳ್ಕೋ. ಆ ವರದೀನ ಅಧ್ಯಕ್ಷ ಅರ್ಧ ಓದಿದ್ದು. ತಪ್ಪು ಮತದಾರರದ್ದು, ಅದಕ್ಕೇ ಅವರಿಗೆ ಫೋನ್ ಮಾಡೋಣ, ಗುಡ್ಡಕ್ಕೊಂದು ಪೆಟ್ಟಿಗೆ ಇಡೋಣ ಅಂತ ಆ ಹುಡುಗ ಬರೆದಿದ್ದ. ಬಾಗಿಲ ಹೊರಗೆ ನೆಲ ಒರೆಸ್ತಾ ಕೇಳಿಸ್ಕೊಂಡೆ, ಹಾಗೆ ಬರೆದದ್ದಕ್ಕೆ ಅಧ್ಯಕ್ಷ ಅವನ ಮೇಲೆ ಕೂಗಾಡ್ತಿದ್ದ. ಅವನನ್ನ ಎತ್ತಿ ಹಾಕೋಕೆ ನೆಪ ಹುಡುಕ್ತಿದ್ರು. ನೀನೇ ಕೊಟ್ಟೆ."

"ಆಗಲೇ ಯಾಕೆ ಹೇಳಲಿಲ್ಲ ಆಂಟಿ?"

"ಹೇಳೋಕೆ ಬಂದೆ. ಅವನ ಹೆಸರೆತ್ತಿದ್ರೆ ಮನೆಗೆ ಬರಬೇಡ ಅಂದೆಯಲ್ಲೇ!"

ಅಂದಿದ್ದಳು. ನಿಜ.

ಸೋಮವಾರ ಬೆಳಗ್ಗೆ ನಾಯಿ ಲೈಸೆನ್ಸ್ ಕಿಟಕಿಯ ಮುಂದೆ ಬರ್ನಡೆಟ್ ನಿಂತಳು. ಅವಳ ಮುಂದೆ ಒಬ್ಬ, ಅವನ ಮುಂದೆ ಒಂದು ಬುಲ್‌ಡಾಗ್. ಅದು ಅವಳನ್ನು ತಿರುಗಿ ನೋಡಿ ಗುರ್ರೆಂದಿತು. ನ್ಯಾಯವಾಗಿಯೇ.

"ನಾಯಿಯ ಹೆಸರು?" ಎಂದ ವೆಂಡೆಲ್ ಅವಳ ಸರದಿ ಬಂದಾಗ, ತಲೆ ಎತ್ತದೆ.

"ಬರ್ನಡೆಟ್ ಸಾಬೋಲ್."

ಅವನು ತಲೆ ಎತ್ತಿದ.

"ಸುಮ್ಸುಮ್ನೆ ಬೊಗಳುತ್ತೆ," ಎಂದಳು ಅವಳು ಕಿಟಕಿಯ ಅಂಚು ಹಿಡಿದು. "ಅನ್ನ ಕೊಟ್ಟವರ ಕೈನೇ ಕಚ್ಚುತ್ತೆ. ಲೈಸೆನ್ಸ್ ಇಲ್ದೆ ಬಿಡೋದು ಅಪಾಯ ಅಂತ ಕರ್ಕೊಂಡ್ಬಂದೆ."

ಅವನು ನಗಲಿಲ್ಲ. ನಗದೇ ಇದ್ದದ್ದು ಅವಳನ್ನು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು.

"ನನಗೆ ಆ ಕೆಲಸ ಹೋಗಿದ್ದಕ್ಕೆ ಬೇಜಾರಿಲ್ಲ," ಅವನು ಹೇಳಿದ. "ನಾಯಿಗಳು ಒಳ್ಳೆಯವು. ಆದ್ರೆ ಕಾರಿಡಾರಲ್ಲಿ ನೀವು ನನ್ನ ತೋಳು ಹಿಡ್ಕೊಂಡು ನಿಂತಿದ್ರಲ್ಲ... ಆಮೇಲೂ ನಾನು ಅಂಥವನು ಅಂತ ನಂಬಿದ್ರಲ್ಲ. ಅದಕ್ಕೆ ಬೇಜಾರು."

"ತಪ್ಪಾಯ್ತು." ಆ ಮಾತು ಅವಳ ಬಾಯಿಂದ ಬಂದದ್ದು ಜೀವನದಲ್ಲಿ ಅದೇ ಮೊದಲಿರಬೇಕು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. "ನನ್ನನ್ನ ಕ್ಷಮಿಸಬೇಡಿ, ಬೇಕಿಲ್ಲ. ಆದ್ರೆ ಅಜ್ಜಿ ಮತ ಉಳಿಸಿಕೊಡಿ. ಅವರೆಲ್ಲಾ ಮತ್ತೆ ಹಳದಿ ಲಕೋಟೆ ಇಲ್ದೇ ಕಳಿಸಿಬಿಟ್ಟಿದ್ದಾರೆ... ಅದರಲ್ಲಿ ಚರ್ಚಿಗೆ ಕಾಣಿಕೆ ಹಾಕಿದ್ದಾರೆ!"

ವೆಂಡೆಲ್ ಕಣ್ಣರಳಿಸಿದ. "ಚರ್ಚಿಗಾ?" ತುಟಿ ಅದುರಿತು. "ಅದಕ್ಕೇನಾ ನಿಮ್ಮ ಗುಡ್ಡದಿಂದ ಮಾತ್ರ... ಅಯ್ಯೋ!" ಅವನು ಮೇಜಿಗೆ ತಲೆಯಿಟ್ಟು ನಕ್ಕ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕ. ಅವಳೂ ಅಳುತ್ತಾ ನಕ್ಕಳು. ಬಾಗಿಲಲ್ಲಿ ಬುಲ್‌ಡಾಗ್ ಬೊಗಳಿತು.

"ಕೇಳಿ," ಅವನು ಗಂಭೀರನಾದ. "ನಾಳೆ ಅವರೇ ಮತಗಟ್ಟೆಗೆ ಬರ್ಬೇಕು. ‘ನನ್ನ ಅಂಚೆ ಮತ ತಪ್ಪಾಗಿದೆ, ತಾತ್ಕಾಲಿಕ ಮತಪತ್ರ ಕೊಡಿ’ ಅಂತ ಕೇಳ್ಬೇಕು. ಅಂಚೆಯದು ಹೊರಗೆ ಬಿದ್ದ ಮೇಲೆ ಅದನ್ನ ಎಣಿಸ್ತಾರೆ. ಎಲ್ಲರೂ ಬರ್ಬೇಕು. ನಡೆಯೋಕಾಗದವರೂ."

"ಅಜ್ಜಿಗೆ ಆಕ್ಸಿಜನ್ ಹಾಕಿದ್ದಾರೆ..."

"ನಾನು ರಜೆ ಹಾಕ್ತೀನಿ," ಎಂದ ವೆಂಡೆಲ್. "ನಾಯಿಗಳು ಒಂದಿನ ಕಾಯ್ತವೆ."

ಮಂಗಳವಾರ ಮತಗಟ್ಟೆಯಾಗಿದ್ದ ಅಗ್ನಿಶಾಮಕ ಠಾಣೆಯ ಹಜಾರದಲ್ಲಿ 'ನಾಸ್ಕೋವೇನಿ'ಯ ಟೀ-ಶರ್ಟಿನವರು ಒಬ್ಬರೂ ಇರಲಿಲ್ಲ. ಅವರಿಗೆ ಇನ್ನೂ ದೊಡ್ಡ ಊರುಗಳಿದ್ದವು.

ಬಂದವರು ಅಜ್ಜಿಯಂದಿರು! ವೆಂಡೆಲ್ಲನ ಕಾರಿನಲ್ಲಿ, ಡೊಲೋರೆಸಳ ಅಳಿಯನ ಟ್ರಕ್ಕಿನಲ್ಲಿ, ಸಾಲು ಸಾಲಾಗಿ ಬಂದರು. ಊರಿಗೆಲ್ಲ ಗೊತ್ತಾಗಿತ್ತು. "ಬಟ್ಟೆ ಹಾಕ್ಕೊಂಡು ಬಂದ್ರಾ ಅಜ್ಜಿ?" ಎಂದು ಟಿವಿ ಮಹಾಶಯನೊಬ್ಬ ಹಲ್ಲು ಕಿಸಿದ.

"ಇಷ್ಟು ವರ್ಷ ನೀನು ಬಂದಿದ್ದೇ ಇಲ್ವಲ್ಲೋ ಸೋಂಬೇರಿ!" ಎಂದಳು ಸ್ಟೆಲ್ಲಾ ಅಜ್ಜಿ. ಅವನು ಪೆಚ್ಚಾಗಿ ತಾನೂ ಸಾಲಿನಲ್ಲಿ ನಿಂತ.

ಮತದ ಮೇಜುಗಳನ್ನು ಆಂಬುಲೆನ್ಸ್ ನಿಲ್ಲುತ್ತಿದ್ದ ಖಾಲಿ ಜಾಗದಲ್ಲಿ ಹಾಕಿದ್ದರು. ನೆಲದ ಮೇಲೆ ಇನ್ನೂ ಅದರ ಎಣ್ಣೆಯ ಕಲೆ ಇತ್ತು. ವೆಂಡೆಲ್ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಆ ಕಲೆಯ ಮೇಲೆಯೇ ಕೂರಿಸಿದ. ಬರ್ನಡೆಟ್ ಆಕ್ಸಿಜನ್ ಸಿಲಿಂಡರ್ ಹಿಡಿದಿದ್ದಳು.

ಅಜ್ಜಿ ಗುರುತು ಹಾಕಿದಳು. ಕೊಟ್ಟ ಲಕೋಟೆಗಳನ್ನು ನೋಡಿದಳು. ಮತ್ತೆ ಎರಡು! ಒಳಗಿನ ಹೊಸ ಲಕೋಟೆಯನ್ನು ಮೆಲ್ಲನೆ ಸವರಿದಳು. "ಎಷ್ಟು ಒಳ್ಳೆ ಕಾಗದ..."

"ಅಜ್ಜಿ! ಕೈ ತೆಗಿ!" ಇಬ್ಬರೂ ಒಟ್ಟಿಗೆ ಕೂಗಿದರು.

"ಗೊತ್ತು ಬಿಡ್ರೋ!" ಅಜ್ಜಿ ಮತವನ್ನು ಒಳಗಿಟ್ಟು ಅಂಟಿಸಿ, ಪಿರೋಗಿಯ ಅಂಚಿನ ಹಾಗೆ ಸುತ್ತಲೂ ಬೆರಳಿನಿಂದ ಒತ್ತಿದಳು. ಆಮೇಲೆ ಅವನ ಕೆನ್ನೆ ಮುಟ್ಟಿದಳು. "ನನ್ನಿಂದ ನಿನಗೆ ಕಳ್ಳ ಅನ್ನೋ ಹೆಸರು ಬಂತಲ್ಲೋ ಮಗನೇ..."

"ನಿಮ್ಮಿಂದ ಅಲ್ಲ ಅಜ್ಜಿ," ಎಂದ ವೆಂಡೆಲ್. ಓರೆಗಣ್ಣಿಂದ ಬರ್ನಡೆಟ್ಟಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು.

ಆ ರಾತ್ರಿ ಆಂಬುಲೆನ್ಸ್ ಸೋತೇ ಇತ್ತು. ಸ್ವಲ್ಪದರಲ್ಲಿ. ತಾತ್ಕಾಲಿಕ ಮತಗಳ ಎಣಿಕೆ ಬಾಕಿ ಎಂದರು. ಮುಂದಿನ ವಾರವೆಲ್ಲ ಬರ್ನಡೆಟ್ ಅಜ್ಜಿಯ ಉಸಿರು ಕೇಳುತ್ತಾ ಮಲಗಿದಳು.

ಶುಕ್ರವಾರ ನೆಲಮಾಳಿಗೆಯಲ್ಲಿ ಎಲ್ಲರೂ ಬಾಗಿಲ ಕಡೆ ನೋಡುತ್ತಾ ಪಿರೋಗಿ ಒತ್ತುತ್ತಿದ್ದರು. ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ವೆಂಡೆಲ್! ಫೋನ್ ಮಾಡಬಹುದಿತ್ತು, ಆದರೆ ಬೆಟ್ಟ ಹತ್ತಿ ಬಂದಿದ್ದ. ಕನ್ನಡಕ ಮಂಜಾಗಿತ್ತು.

"ಎಣಿಸಿದ್ರು," ಎಂದ ಏದುಸಿರಿನಲ್ಲಿ.

"ನನ್ನದಕ್ಕೆ ಬಟ್ಟೆ ಇತ್ತಾ?" ಎಂದಳು ಅಜ್ಜಿ.

"ಇತ್ತು ಅಜ್ಜಿ. ಎಲ್ಲರದ್ದಕ್ಕೂ ಇತ್ತು." ಅವನು ಕನ್ನಡಕ ತೆಗೆದು ಒರೆಸಿದ. "ಗೆದ್ವಿ. ಈ ಮೇಜಿನ ಸುತ್ತ ಕೂತಿರೋರಷ್ಟೂ ಅಂತರ ಇಲ್ಲ... ಆದ್ರೆ ಗೆದ್ವಿ! ಆಂಬುಲೆನ್ಸ್ ವಾಪಸ್ ಬರುತ್ತೆ."

ಹಿಟ್ಟಿನ ಕೈಗಳೆಲ್ಲ ಮೇಲೆದ್ದವು. ಅಳು, ನಗು, ಪ್ರಾರ್ಥನೆ ಎಲ್ಲ ಒಟ್ಟಿಗೆ ಆಯಿತು. ಡೊಲೋರೆಸ್ ಬಿಷಪ್ಪರನ್ನೂ ಕ್ಷಮಿಸಿದಳು. ಅಜ್ಜಿ ಕಣ್ಣು ಮುಚ್ಚಿ ಕೂತು ನಿಧಾನವಾಗಿ ಉಸಿರೆಳೆದಳು.

ಬರ್ನಡೆಟ್ಟಳಿಗೆ ಮಾತ್ರ ಒಂದೇ ಮಾತು ಕಿವಿಯಲ್ಲಿ ಉಳಿದಿತ್ತು. ಗೆದ್ವಿ ಎಂದನಲ್ಲ... ಗೆದ್ರಿ ಎನ್ನಲಿಲ್ಲ.

ಅವಳು ತಟ್ಟೆ ತುಂಬ ಪಿರೋಗಿ ಹಾಕಿ ಮೂಲೆಯ ಕುರ್ಚಿಯ ಮುಂದಿಟ್ಟಳು. ಅವನು ಕೂತ. ಜೇಬಿಗೆ ಕೈ ಹಾಕಿದ. ಅವಳ ಮುಖ ನೋಡಿ ಕೈಯನ್ನು ಹಾಗೇ ಹೊರತೆಗೆದ.

"ಪರವಾಗಿಲ್ಲ," ಎಂದ. "ಇವತ್ತು ಈರುಳ್ಳಿ ಸಾಕು."

ಬರ್ನಡೆಟ್ ಏಪ್ರನ್ ಜೇಬಿನಿಂದ ದೊಡ್ಡದೊಂದು ಕೆಚಪ್ ಬಾಟಲಿ ತೆಗೆದು ಠಪ್ಪನೆ ಮೇಜಿನ ಮೇಲಿಟ್ಟಳು. ಅಜ್ಜಿಯಂದಿರ ಸಾಲು ಉಸಿರು ಬಿಗಿಹಿಡಿಯಿತು.

"ಯಾವಾಗ ತಂದಿರಿ?"

"ನೀನು ಬರೋದು ನಿಲ್ಲಿಸಿದ ವಾರ." ಅವಳ ಕಣ್ಣು ತುಂಬಿತ್ತು. "ತಕ್ಕ ಜಾಗ ಸಿಕ್ತು ಅವನಿಗೆ ಅಂತ ಊರಿಗೆಲ್ಲಾ ಹೇಳಿದೆ. ಹೇಳಿ ಅಂಗಡಿಗೆ ಹೋಗಿ ಇದನ್ನ ತಂದೆ. ಯಾಕೆ ಅಂತ ನನಗೇ ಗೊತ್ತಾಗ್ಲಿಲ್ಲ. ಈಗ ಗೊತ್ತು. ನೀನಂದ್ರೆ ನನಗೆ ಇಷ್ಟ ವೆಂಡೆಲ್... ತುಂಬಾ."

ಅವನ ಕಿವಿ ಮೊದಲ ದಿನದಷ್ಟೇ ಕೆಂಪಾಯಿತು. "ಇಷ್ಟು ಜನರೆದುರಿಗೆ ಹೇಳೋಕೆ ನಾಚಿಕೆ ಆಗಲ್ವಾ?"

"ಆಗುತ್ತೆ."

ಅವನು ಅವಳ ಹಿಟ್ಟಿನ ಕೈ ಹಿಡಿದುಕೊಂಡ. ಇನ್ನೊಂದು ಕೈಯಿಂದ ಬಾಟಲಿ ಎತ್ತಿದ. "ಹಾಕ್ಕೊಳ್ಲಾ? ನಿನಗೆ ಹೇಸಿಗೆ ಆಗುತ್ತಲ್ಲ?"

"ಆಗುತ್ತೆ," ಎಂದಳು ಬರ್ನಡೆಟ್ ಕಣ್ಣೊರೆಸಿಕೊಳ್ಳುತ್ತಾ. "ಹಾಕ್ಕೋ."